ರಾಜಿ ಮುರಿದ ಮೇಲಿನ ಲೆಕ್ಕ

(ಮಾತಾಡುವವರು ಇಬ್ಬರು, ಇಬ್ಬರೂ ತೆಲಂಗಾಣದ ಸಿರ್ಗಾಪುರ ಸೀಮೆಯ ಸಾಲ ಸೋಲ ಬಲ್ಲವರು. ಮೊದಲು ಬಾಯಿ ತೆರೆಯುವವರು ಬ್ಯಾಂಕಿನ ಪರ.)

— ಸಾಲ ತೀರಿಸಲಾಗದವನಿಗೆ ಬ್ಯಾಂಕು ಬಡ್ಡಿ ಬಿಟ್ಟಿತು, ಅಸಲಿನಲ್ಲೂ ಒಂದಿಷ್ಟು ಬಿಟ್ಟಿತು, ಲೋಕ ಅದಾಲತ್‌ನಲ್ಲಿ ಎದುರು ಕೂಡಿಸಿಕೊಂಡು ಕಂತು ಹಾಕಿಕೊಟ್ಟಿತು. ಆಮೇಲೂ ಅವನು ಕಟ್ಟಲಿಲ್ಲ. ಮೊದಲ ಸಲ ತಪ್ಪಿದಾಗ ಮಳೆ ಕೈಕೊಟ್ಟಿತು ಅನ್ನೋಣ. ಎರಡನೇ ಸಲಕ್ಕೂ ಮಳೆಯನ್ನೇ ದೂರಿದರೆ ಸಾಲ ಕೊಡುವವರು ಯಾರೂ ಉಳಿಯುವುದಿಲ್ಲ. ರಾಜಿ ಮುರಿದವನ ತಲೆಯ ಮೇಲೆ ಹಳೇ ಸಾಲ ಪೂರ್ತಿ ಬಂದು ಕೂರುವುದರಲ್ಲಿ ಅನ್ಯಾಯ ಏನಿದೆ?

— ಅನ್ಯಾಯ ಇದೆಯೋ ಇಲ್ಲವೋ ಅನ್ನುವುದಕ್ಕೆ ಮೊದಲು ಲೆಕ್ಕವನ್ನೇ ನೋಡೋಣ. ಲೆಕ್ಕಕ್ಕಾಗಿ ಒಬ್ಬ ರೈತನನ್ನು ಇಟ್ಟುಕೊಳ್ಳಿ. ಬಾಕಿ 3 ಲಕ್ಷ. ರಾಜಿಯಲ್ಲಿ 1 ಲಕ್ಷ 80 ಸಾವಿರಕ್ಕೆ ಇತ್ಯರ್ಥ, ಮೂರು ಸುಗ್ಗಿಗೆ ಮೂರು ಕಂತು, ತಲಾ 60 ಸಾವಿರ. ಕೊನೆಯಲ್ಲಿ ಒಂದು ಸಾಲು: ಕಂತು ತಪ್ಪಿದರೆ ಪೂರ್ತಿ ಮೊತ್ತ ಶೇ 12ರ ಬಡ್ಡಿ ಸಮೇತ ವಸೂಲಿಗೆ ಅರ್ಹ. ಎರಡು ಕಂತು ಕಟ್ಟಿದ. ಮೂರನೆಯದು ಆಗಲಿಲ್ಲ. ಈಗ ಹಳೇ ಸಾಲ ಎದ್ದು ಬರುತ್ತದೆ, ಕಟ್ಟಿದ್ದು ವಾಡಿಕೆಯಂತೆ ಮೊದಲು ಬಡ್ಡಿಗೆ ಜಮಾ ಆಗುತ್ತದೆ. ಮೊದಲ ವರ್ಷದ 60 ಸಾವಿರದಲ್ಲಿ 36 ಸಾವಿರ ಬಡ್ಡಿಗೆ ಹೋಯಿತು, ಅಸಲು 2 ಲಕ್ಷ 76 ಸಾವಿರಕ್ಕೆ ಇಳಿಯಿತು. ಎರಡನೇ ವರ್ಷದ 60 ಸಾವಿರದಲ್ಲಿ 33,120 ಬಡ್ಡಿ, ಅಸಲು 2,49,120. ಮೂರನೇ ವರ್ಷದ ಬಡ್ಡಿ ಸೇರಿದಾಗ ಬಾಕಿ ಸುಮಾರು 2 ಲಕ್ಷ 79 ಸಾವಿರ. ಒಪ್ಪಿದ ಮೊತ್ತದ ಮೂರರಲ್ಲಿ ಎರಡು ಪಾಲು, ಅಂದರೆ 1 ಲಕ್ಷ 20 ಸಾವಿರ, ಕಟ್ಟಿದವನ ಸಾಲ ಇಳಿದದ್ದು ಬರೀ 21 ಸಾವಿರ. ಒಂದು ಕಂತನ್ನೂ ಕಟ್ಟದೆ ಮನೆಯಲ್ಲಿ ಕೂತ ನೆರೆಯವನಿಗೂ ಇವನಿಗೂ ಕಾಗದದ ಭಾಷೆಯಲ್ಲಿ ಒಂದೇ ಹೆಸರು, ಸುಸ್ತಿದಾರ. ನನ್ನ ತಕರಾರು ಸಾಲ ಮನ್ನಾ ಮಾಡಬೇಕು ಅನ್ನುವುದಲ್ಲ. ರಾಜಿ ಬರೆಯುವಾಗಲೇ ಅದು ಮುರಿದರೆ ಏನಾಗಬೇಕು ಎಂಬುದನ್ನೂ ಅಷ್ಟೇ ಕಾಳಜಿಯಿಂದ ಬರೆಯಬೇಕು. ಈಗ ಬರೆಯುವುದು ಆ ಒಂದು ಸಾಲು ಮಾತ್ರ, ಅದೂ ಒಬ್ಬರ ಕಡೆಯಿಂದ.

— ನೀವು ದಂಡ ಅನ್ನುವ ಧಾಟಿಯಲ್ಲಿ ಹೇಳುತ್ತಿದ್ದೀರಿ. ಅದು ದಂಡವಲ್ಲ. 3 ಲಕ್ಷ ಅವನು ಕೊಡಬೇಕಾಗಿದ್ದದ್ದೇ. 1 ಲಕ್ಷ 20 ಸಾವಿರ ಬಿಟ್ಟದ್ದು ಬ್ಯಾಂಕಿನ ರಿಯಾಯಿತಿ, ಅದೂ ಷರತ್ತಿನ ಮೇಲೆ. ಷರತ್ತು ಮುರಿದರೆ ರಿಯಾಯಿತಿ ವಾಪಸು. ನ್ಯಾಯಾಲಯಗಳೂ ಇದನ್ನೇ ಹೇಳಿಕೊಂಡು ಬಂದಿವೆ: ಇದ್ದ ಸಾಲಕ್ಕಿಂತ ಹೆಚ್ಚು ಕೇಳಿದರೆ ದಂಡ, ಕೊಟ್ಟ ವಿನಾಯಿತಿಯನ್ನು ಹಿಂದಕ್ಕೆ ತಗೊಂಡರೆ ದಂಡ ಅಲ್ಲ. ಒಂದು ಸಲದ ಇತ್ಯರ್ಥ ಸಾಲಗಾರನ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟೇ 2021ರ ಡಿಸೆಂಬರ್‌ನಲ್ಲಿ ಬಿಜನೌರ್ ನಗರ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು. ಮರುವರ್ಷ ಇನ್ನೊಂದು ಪ್ರಕರಣದಲ್ಲಿ, ಅಂಥ ಇತ್ಯರ್ಥದ ವಾಯಿದೆಯನ್ನು ಹೈಕೋರ್ಟು ತಾನಾಗಿ ವಿಸ್ತರಿಸುವಂತಿಲ್ಲ ಎಂದಿತು.

— ತೀರ್ಪುಗಳನ್ನು ಒಪ್ಪುತ್ತೇನೆ. ಕಾನೂನು ಇರುವುದೇ ಹಾಗೆ. ಆದರೆ ಬಿಟ್ಟವರು ಬ್ಯಾಂಕಿನವರು ಮಾತ್ರ, ಪಡೆದವನು ರೈತ ಮಾತ್ರ ಎಂಬ ಚಿತ್ರ ಅರ್ಧ ಸತ್ಯ. ರಾಜಿಗೆ ಸಹಿ ಹಾಕುವಾಗ ರೈತನೂ ಕೆಲವನ್ನು ಕೈಬಿಡುತ್ತಾನೆ. ಬಡ್ಡಿಯ ಲೆಕ್ಕ ಸರಿಯಿಲ್ಲ ಎಂದು ವಾದಿಸುವ ಅವಕಾಶ ಹೋಯಿತು. ಸಣ್ಣ ಮತ್ತು ಅತಿಸಣ್ಣ ರೈತರ ಅಲ್ಪಾವಧಿ ಸಾಲದ ಬಡ್ಡಿ ಒಟ್ಟಾರೆ ಅಸಲನ್ನು ಮೀರಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದು ಪಾಲನೆಯಾಗಿದೆಯೇ ಎಂದು ಕೇಳುವ ಬಾಯಿಯೂ ಮುಚ್ಚಿತು. ಅವಧಿ ಮೀರಿ ಸಾಯಲಿಕ್ಕಿದ್ದ ಸಾಲವಾದರೆ ಅದಕ್ಕೆ ಹೊಸ ಜೀವ ಬಂತು. ಎಲ್ಲಕ್ಕಿಂತ ಮುಖ್ಯವಾದದ್ದು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಲೋಕ ಅದಾಲತ್‌ನ ಅವಾರ್ಡು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲು ಇಲ್ಲ. ಕಂತು ತಪ್ಪಿದರೆ ಬ್ಯಾಂಕು ಹೊಸ ದಾವೆ ಹೂಡಿ ಸಾಕ್ಷಿ ನಡೆಸಬೇಕಿಲ್ಲ, ನೇರ ಅಮಲ್ಜಾರಿಗೆ ಹೋಗಬಹುದು. ಡಿಕ್ರಿ ಜಾರಿಗೆ ಇರುವ ಅವಧಿ 12 ವರ್ಷ. ವಿಚಾರಣೆಯೇ ಇಲ್ಲದೆ 12 ವರ್ಷ ಬಾಳುವ ಡಿಕ್ರಿ ಕೈಗೆ ಬಂದದ್ದಕ್ಕೆ ಬೆಲೆ ಇಲ್ಲವೇ? ಆ ಬೆಲೆಯನ್ನು ಕೊಟ್ಟವನು ರೈತ. ರಾಜಿ ಮುರಿದಾಗ ಬ್ಯಾಂಕು ಬಿಟ್ಟಿದ್ದನ್ನು ವಾಪಸು ತಗೊಳ್ಳುತ್ತದೆ, ರೈತ ಬಿಟ್ಟಿದ್ದು ಅವನಿಗೆ ವಾಪಸು ಬರುವುದಿಲ್ಲ. ಇದನ್ನೇ ನಾನು ಒಬ್ಬರ ಕಡೆಯ ಬರವಣಿಗೆ ಅಂದದ್ದು.

ನಾನು ಕೇಳುವುದು ಇಷ್ಟು: ಕಟ್ಟಿದಷ್ಟಕ್ಕೆ ರಿಯಾಯಿತಿಯೂ ಉಳಿಯಲಿ. ಮೂರರಲ್ಲಿ ಎರಡು ಪಾಲು ಕಟ್ಟಿದವನಿಗೆ 1 ಲಕ್ಷ 20 ಸಾವಿರದ ರಿಯಾಯಿತಿಯಲ್ಲಿ 80 ಸಾವಿರ ಖಾಯಂ ಆಗಲಿ. ಅವನ ಹಳೇ ಸಾಲ 3 ಲಕ್ಷದಲ್ಲಿ ಕಟ್ಟಿದ್ದು 1 ಲಕ್ಷ 20 ಸಾವಿರ, ಉಳಿಸಿಕೊಂಡ ರಿಯಾಯಿತಿ 80 ಸಾವಿರ, ಬಾಕಿ 1 ಲಕ್ಷ. ಆ 1 ಲಕ್ಷಕ್ಕೆ ತಪ್ಪಿದ ದಿನದಿಂದ ಬಡ್ಡಿ ನಡೆಯಲಿ, ಜಪ್ತಿಯೂ ಬರಲಿ.

— ಇಲ್ಲೇ ನನಗೆ ಅಂಜಿಕೆ. ಕಂತು ತಪ್ಪಿಸಿದರೂ ನಷ್ಟ ಕಡಿಮೆ ಎಂದು ಗೊತ್ತಾದರೆ ತಪ್ಪಿಸುವವರು ಹೆಚ್ಚುತ್ತಾರೆ. ಸಾಲ ಮಾಡಿ, ಒಡವೆ ಮಾರಿ, ವಾಯಿದೆಗೆ ಸರಿಯಾಗಿ ಕಟ್ಟಿದವನು ಊರಲ್ಲಿ ದಡ್ಡ ಅನ್ನಿಸಿಕೊಳ್ಳುತ್ತಾನೆ. ಪೂರ್ತಿ ಸಾಲ ತಲೆ ಮೇಲೆ ಬೀಳುತ್ತದೆ ಎಂಬ ಭಯವೇ ಜನರನ್ನು ಕೊನೆಯ ಕಂತಿನವರೆಗೆ ಎಳೆದುಕೊಂಡು ಹೋಗುವುದು.

— ಭಯ ಕೆಲಸ ಮಾಡುವುದು ಕಟ್ಟಲು ಆಗುವವನ ಮೇಲೆ. ಅವನ ಮಟ್ಟಿಗೆ ನಿಮ್ಮ ಮಾತು ನಿಜ, ಅದಕ್ಕಾಗಿಯೇ ನಾನು ಉಳಿದ 1 ಲಕ್ಷವನ್ನು ಬಿಡಿ ಎನ್ನಲಿಲ್ಲ. ಕಟ್ಟಲಾಗದವನ ವಿಷಯಕ್ಕೆ ಬನ್ನಿ. ಜುಲೈನಲ್ಲಿ ಬಿತ್ತಿದ ಸೋಯಾಬೀನು ಹೋಯಿತು, ತೊಗರಿ ಅರ್ಧ ಬಂತು, ಕೈಯಲ್ಲಿ 60 ಸಾವಿರದ ಬದಲು 25 ಸಾವಿರ ಇದೆ. ಈಗಿನ ಬರವಣಿಗೆಯಲ್ಲಿ ಅವನು ಆ 25 ಸಾವಿರವನ್ನು ಬ್ಯಾಂಕಿಗೆ ಕಟ್ಟಲು ಏನು ಕಾರಣ? ಕಟ್ಟಿದರೂ ರಾಜಿ ಮುರಿಯಿತು, ಕಟ್ಟದಿದ್ದರೂ ಮುರಿಯಿತು. ಕಟ್ಟಿದ್ದು ಹಳೇ ಬಡ್ಡಿಯಲ್ಲಿ ಕರಗಿ ಹೋಗುತ್ತದೆ. ಬುದ್ಧಿವಂತನಾದರೆ ಆ ರೊಕ್ಕವನ್ನು ಸಾಹುಕಾರನಿಗೆ ಕೊಟ್ಟು ಅಲ್ಲಿ ಮರ್ಯಾದೆ ಉಳಿಸಿಕೊಳ್ಳುತ್ತಾನೆ. ಇಷ್ಟೇ ಅಲ್ಲ, ಮೂರನೇ ಕಂತು ಆಗುವುದಿಲ್ಲ ಎಂದು ಎರಡನೇ ಕಂತಿನ ಹೊತ್ತಿಗೇ ಗೊತ್ತಾದವನು ಎರಡನೆಯದನ್ನೂ ನಿಲ್ಲಿಸುತ್ತಾನೆ. ಪೂರ್ತಿ ಇಲ್ಲವೇ ಏನೂ ಇಲ್ಲ ಎಂಬ ಷರತ್ತು ಸಾಲಗಾರನಿಗೆ ಕಲಿಸುವ ಪಾಠ ಇದು. ಕಟ್ಟಿದಷ್ಟಕ್ಕೆ ರಿಯಾಯಿತಿ ಉಳಿಯುತ್ತದೆ ಅಂದರೆ ಆ 25 ಸಾವಿರ ಸಾಹುಕಾರನ ಕಡೆ ಹೋಗದೆ ಬ್ಯಾಂಕಿಗೆ ಬರುತ್ತದೆ. ಬ್ಯಾಂಕಿನ ಲಾಭದ ದೃಷ್ಟಿಯಿಂದಲೇ ನೋಡಿ, ಯಾವ ಷರತ್ತಿನಲ್ಲಿ ಹೆಚ್ಚು ರೊಕ್ಕ ಬರುತ್ತದೆ?

— ಸಾಹುಕಾರನ ಮಾತು ಎತ್ತಿದಿರಿ. ಅಲ್ಲಿ ಕೋರ್ಟಿಲ್ಲ, ಅದಾಲತ್ ಇಲ್ಲ, ಆದರೂ ಜನ ಅಲ್ಲಿ ಮೊದಲು ಕಟ್ಟುತ್ತಾರೆ. ಬ್ಯಾಂಕಿನ ಮೆತ್ತನೆಯೇ ಇದಕ್ಕೆ ಕಾರಣ ಅಲ್ಲವೇ?

— ಸಾಹುಕಾರನಲ್ಲೂ ಒಂದು ಬಗೆಯ ಅದಾಲತ್ ಇದೆ, ಅದರ ಹೆಸರು ನೋಟು ತಿರುಗಿ ಬರೆಯುವುದು. ಪ್ರಾಮಿಸರಿ ನೋಟಿಗೆ ಕಾನೂನಿನ ಆಯುಸ್ಸು ಮೂರು ವರ್ಷ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ 50 ಸಾವಿರ ತಂದವನು ಮೂರು ವರ್ಷ ಏನೂ ಕಟ್ಟಲಿಲ್ಲ ಅನ್ನಿ, ಬಡ್ಡಿ 36 ಸಾವಿರ ಆಯಿತು. ಹಳೇ ನೋಟು ಹರಿದು 86 ಸಾವಿರಕ್ಕೆ ಹೊಸದು. ಇನ್ನೊಂದು ಮೂರು ವರ್ಷಕ್ಕೆ ಬಡ್ಡಿ 61,920, ಮೂರನೇ ನೋಟು 1,47,920ಕ್ಕೆ. ಆರು ವರ್ಷದಲ್ಲಿ ಅವನು ಕೈಯಲ್ಲಿ ಹಿಡಿದದ್ದು ಮೊದಲ 50 ಸಾವಿರ ಮಾತ್ರ, ಕಾಗದ ಮಾತ್ರ ಪ್ರತಿಸಲವೂ ಅವನು ಹೊಸದಾಗಿ ಅಷ್ಟು ರೊಕ್ಕ ಎಣಿಸಿಕೊಂಡ ಎಂದೇ ಹೇಳುತ್ತದೆ. ಇದೂ ವಿಫಲವಾದ ಮರುಪಾವತಿ ಒಪ್ಪಂದವೇ. ಹೈದರಾಬಾದ್ ಸಂಸ್ಥಾನ ಫಸಲಿ 1349ರಲ್ಲೇ ಲೇವಾದೇವಿಗಾರರ ಕಾಯ್ದೆ ಮಾಡಿ ಪರವಾನಗಿ ಬೇಕು ಅಂದಿತ್ತು. ಆ ಫಸಲಿ ವರ್ಷದ ಅಂಕಿ ಹೊತ್ತ ಕಾಯ್ದೆ ತೆಲಂಗಾಣದಲ್ಲಿ ಈಗಲೂ ಉಳಿದಿದೆ, ನೋಟು ತಿರುಗಿ ಬರೆಯುವುದೂ ಉಳಿದಿದೆ. ಹಿಂದೆ ನೋಟು ತೀರದವನು ಮೈದುಡಿದು ತೀರಿಸಬೇಕಿತ್ತು. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ದೇಶದ ಜೀತದ ಬಗೆಗಳನ್ನು ಪಟ್ಟಿ ಮಾಡುವಾಗ ನಮ್ಮ ಕಡೆಯ ಭಗೇಲವನ್ನೂ ಜೀತವನ್ನೂ ಹೆಸರಿಸಿದ್ದು ಸುಮ್ಮನೆ ಅಲ್ಲ.

ಬ್ಯಾಂಕು ಮೆತ್ತಗಿದೆ ಅನ್ನುವುದೂ ಪೂರ್ತಿ ಸರಿಯಲ್ಲ. ಬೆಳೆಸಾಲದ ನವೀಕರಣ ನಡೆಯುವ ರೀತಿ ನೋಡಿ. ಶೇ 7ರ ಬಡ್ಡಿಯಲ್ಲಿ 3 ಲಕ್ಷದವರೆಗೆ ಸಾಲ, ವಾಯಿದೆಗೆ ಕಟ್ಟಿದರೆ ಶೇ 3 ಸರ್ಕಾರದ್ದು, ರೈತನಿಗೆ ಬೀಳುವುದು ಶೇ 4. ವಾಯಿದೆ ತಪ್ಪಿದರೆ ಆ ಶೇ 3 ಹೋಯಿತು. ಆದ್ದರಿಂದ ವಾಯಿದೆಯ ಮುನ್ನಾದಿನಗಳಲ್ಲಿ ಅಡತಿಯಿಂದಲೋ ಸಾಹುಕಾರನಿಂದಲೋ ಕೆಲವು ದಿನಕ್ಕೆ ಕೈಸಾಲ ಎತ್ತುತ್ತಾರೆ. ಅದನ್ನು ಕೌಂಟರಿನಲ್ಲಿ ಅಸಲು ಬಡ್ಡಿ ಸಮೇತ ಕಟ್ಟುತ್ತಾರೆ, ಹೊಸ ಸಾಲ ಅದೇ ಖಾತೆಗೆ ಬಂದ ಕೂಡಲೇ ಬಿಡಿಸಿ ಕೈಸಾಲ ತೀರಿಸುತ್ತಾರೆ. ಬ್ಯಾಂಕಿನ ಪುಸ್ತಕದಲ್ಲಿ ಸಾಲ ತೀರಿದೆ, ಖಾತೆ ಚೊಕ್ಕ. ಹೊಲದಿಂದ ಒಂದು ರೂಪಾಯಿಯೂ ಬಂದಿಲ್ಲ. ಸಾಲ ಮುರಿದು ಬಿದ್ದದ್ದು ಎಷ್ಟೋ ವರ್ಷ ಪುಸ್ತಕಕ್ಕೆ ಗೊತ್ತೇ ಆಗದಂತೆ ಇಡುವ ಏರ್ಪಾಡು ಇದು. ಕೌಲಿಗೆ ಹೊಲ ಹಿಡಿದವನಿಗಂತೂ ಇದೂ ಇಲ್ಲ, ಪಟ್ಟಾ ಅವನ ಹೆಸರಲ್ಲಿ ಇಲ್ಲವಲ್ಲ.

— ಬೆಳೆ ಹೋದರೆ ಸಾಲವನ್ನು ಮರುಹೊಂದಿಸಲು ರಿಸರ್ವ್ ಬ್ಯಾಂಕೇ ದಾರಿ ಮಾಡಿಕೊಟ್ಟಿದೆ. 2018ರ ನಿರ್ದೇಶನ ನೋಡಿ. ಬೆಳೆ ನಷ್ಟ ಶೇ 33 ದಾಟಿದರೆ ಮರುಹೊಂದಿಕೆ, ಶೇ 50ರೊಳಗಿದ್ದರೆ ಎರಡು ವರ್ಷದವರೆಗೆ, ಅದಕ್ಕೂ ಮೇಲಿದ್ದರೆ ಐದು ವರ್ಷದವರೆಗೆ. ಮೊದಲ ವರ್ಷ ಕಂತೇ ಇಲ್ಲ. ಇಷ್ಟಾದ ಮೇಲೂ ವ್ಯವಸ್ಥೆ ಕುರುಡು ಅನ್ನುತ್ತೀರಾ?

— ಒಳ್ಳೆಯ ನಿಯಮ, ನಾನೂ ಹೊಗಳುತ್ತೇನೆ. ಅದು ತೆರೆಯುವ ಬಾಗಿಲು ಸರ್ಕಾರ ವಿಪತ್ತು ಎಂದು ಘೋಷಿಸಿ ಬ್ಯಾಂಕರುಗಳ ರಾಜ್ಯಮಟ್ಟದ ಸಮಿತಿ ಕೂತ ಮೇಲೆ. ಮಂಡಲಕ್ಕೆ ಮಂಡಲವೇ ಒಣಗಿದರೆ ಅದು ಕಾಣುತ್ತದೆ. ಸಿರ್ಗಾಪುರದಂಥ ಕಡೆ ಒಂದೇ ಊರಲ್ಲಿ ನೀರು ಸಿಕ್ಕ ಹೊಲ ಬೇರೆ, ಮಳೆಗೆ ಕಾದ ಎರೆಹೊಲ ಬೇರೆ, ಕೆಂಪು ನೆಲ ಬೇರೆ. ಹಂದಿ ಹೊಕ್ಕ ಹೊಲ, ಗೊಡ್ಡು ರೋಗ ಬಿದ್ದ ತೊಗರಿ, ಕೂಡಿಟ್ಟ ಹತ್ತಿಗೆ ಬಿದ್ದ ದರ, ಇವು ಯಾವುವೂ ಘೋಷಣೆಗೆ ಸಿಗುವುದಿಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಆ ಗುರುತು ದರವನ್ನು ಹಿಡಿದು ನಿಲ್ಲಿಸುವುದಿಲ್ಲ. ಮರುಹೊಂದಿಸಿದ ಸಾಲವೂ ಮುರಿಯುವುದು ಇಂಥ ಚಿಲ್ಲರೆ ಕಾರಣಗಳಿಂದ. ಕಾರಣ ಏನು ಎಂದು ಕೇಳುವ ಜಾಗ ಎಲ್ಲೂ ಇಲ್ಲ, ನನ್ನ ವಾದ ನಿಂತಿರುವುದು ಇದರ ಮೇಲೆ.

— ಕಾರಣ ಕೇಳುತ್ತಾ ಕೂತರೆ ಪ್ರತಿಯೊಬ್ಬನ ಹತ್ತಿರವೂ ಒಂದು ಕಾರಣ ಇರುತ್ತದೆ. ದೊಡ್ಡವರ ಸಾಲಕ್ಕೂ ಹೀಗೆ ಕೇಳುತ್ತಾರೆಯೇ?

— ಕೇಳುತ್ತಾರೆ. ಅದನ್ನೇ ಹೇಳಬೇಕು ಅಂತಿದ್ದೆ. 2016ರ ದಿವಾಳಿತನ ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳ ಸಾಲದ್ದು. ಅದರಲ್ಲಿ ಮರುಪಾವತಿ ಯೋಜನೆ ಎಂಬುದಿದೆ, ಆ ಯೋಜನೆ ಅವಧಿಯೊಳಗೆ ಪೂರ್ತಿಯಾಗದಿದ್ದರೆ ಏನು ಎಂಬುದಕ್ಕೆ 118ನೇ ಕಲಮು ಇದೆ. ಯೋಜನೆ ನಡುವೆ ಮುರಿದರೆ ಅದನ್ನು ನೋಡಿಕೊಳ್ಳುವ ವೃತ್ತಿಪರ ಒಂದು ವರದಿ ಕೊಡಬೇಕು. ಯೋಜನೆಯಲ್ಲಿ ಎಷ್ಟು ಬಂತು ಎಷ್ಟು ಹೋಯಿತು, ಏಕೆ ಮುರಿಯಿತು, ಯಾವ ಸಾಲಿಗರಿಗೆ ಎಷ್ಟು ಬಾಕಿ. ಏಕೆ ಮುರಿಯಿತು ಎಂಬುದು ಕಾನೂನು ಕೇಳುವ ಪ್ರಶ್ನೆ! ಅದಾದ ಮೇಲೆ ಸಾಲಿಗನಷ್ಟೇ ಅಲ್ಲ, ಸಾಲಗಾರನೂ ದಿವಾಳಿ ಆದೇಶ ಕೇಳಬಹುದು. ಆಸ್ತಿ ವಿಲೇವಾರಿ ಮುಗಿದೋ ಒಂದು ವರ್ಷ ಕಳೆದೋ ಋಣಮುಕ್ತಿಯ ಆದೇಶವೂ ಇದೆ. ಅಂದರೆ ಮುರಿದ ಯೋಜನೆಗೆ ಒಂದು ಕೊನೆ ಇದೆ. ಈ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂತು, ಯಾರಿಗೆ? ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಅದೇ ಸಂಹಿತೆಯಲ್ಲಿ ವರ್ಷಕ್ಕೆ 60 ಸಾವಿರದೊಳಗಿನ ಆದಾಯ, 35 ಸಾವಿರದೊಳಗಿನ ಸಾಲ, 20 ಸಾವಿರದೊಳಗಿನ ಆಸ್ತಿ ಇರುವ, ಸ್ವಂತ ಮನೆ ಇಲ್ಲದ ಬಡವನಿಗೆ ಹೊಸ ಆರಂಭ ಎಂಬ ಅಧ್ಯಾಯವೂ ಇದೆ. ಅದನ್ನು ಇನ್ನೂ ಜಾರಿಗೆ ತಂದಿಲ್ಲ. ಸಾಮಾನ್ಯ ರೈತನಿಗೆ ಇವತ್ತಿಗೂ ಉಳಿದಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ, 500 ರೂಪಾಯಿ ಸಾಲಕ್ಕೆ ಅರ್ಜಿ ಹಾಕಬಹುದು ಎನ್ನುವ ಕಾಲದ್ದು. ಆ ಮುದಿ ಕಾಯ್ದೆಯಲ್ಲೂ ನಮ್ಮ ಪ್ರಶ್ನೆಗೆ ಉತ್ತರ ಇದೆ ನೋಡಿ: ಸಾಲಿಗರ ಜೊತೆ ಆದ ಒಡಂಬಡಿಕೆಯ ಕಂತು ತಪ್ಪಿದರೆ ಕೋರ್ಟು ಒಡಂಬಡಿಕೆ ರದ್ದು ಮಾಡಿ ಮತ್ತೆ ದಿವಾಳಿ ಎಂದು ಸಾರಬಹುದು, ಆದರೆ ಅಷ್ಟರಲ್ಲಿ ಆದ ಪಾವತಿಗಳು ಊರ್ಜಿತ.

ಇನ್ನು ಕಂಪನಿಗಳ ಕತೆ. 2010ರ ಅಕ್ಟೋಬರ್‌ನಲ್ಲಿ ಆಗಿನ ಆಂಧ್ರಪ್ರದೇಶ ಕಿರುಸಾಲ ಕಂಪನಿಗಳ ಮೇಲೆ ಸುಗ್ರೀವಾಜ್ಞೆ ತಂದಾಗ ಮೆದಕ್ ಸೀಮೆಯೂ ಸೇರಿ ರಾಜ್ಯದ ತುಂಬ ವಾರದ ಕಂತು ನಿಂತುಹೋಯಿತು. ಸಂಘದ ಹೆಂಗಸರ ನಡುವಿನ ಏರ್ಪಾಡು ಗೊತ್ತಲ್ಲ, ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಅವರ ಬಾಕಿಯಿಂದ ಕಂಪನಿಗಳ ಬಾಕಿ ಹುಟ್ಟಿತು, ಕಂಪನಿಗಳು ಬ್ಯಾಂಕಿಗೆ ಕಟ್ಟಲಾರದೆ ಹೋದವು. ಆಗ ಏನಾಯಿತು? 2011ರಲ್ಲಿ ಸ್ಪಂದನವೂ ಸೇರಿ ಹಲವು ಕಂಪನಿಗಳ ಸಾಲ ಕಾರ್ಪೊರೇಟ್ ಸಾಲ ಮರುರಚನೆಗೆ ಹೋಯಿತು. ವಿರಾಮ, ದೀರ್ಘ ವಾಯಿದೆ, ಬಡ್ಡಿಯಲ್ಲಿ ಇಳಿಕೆ, ಸಾಲದ ಒಂದು ಭಾಗ ಷೇರಾಗಿ ಬದಲಾವಣೆ. ರಿಸರ್ವ್ ಬ್ಯಾಂಕೂ ಅದಕ್ಕಾಗಿ ತನ್ನ ಭದ್ರತೆಯ ನಿಯಮವನ್ನು ಸಡಿಲಿಸಿತು. ಸ್ಪಂದನ 2017ರಲ್ಲಿ ಅದರಿಂದ ಹೊರಬಂದು 2019ರಲ್ಲಿ ಷೇರು ಮಾರುಕಟ್ಟೆಗೆ ಹೋಯಿತು. ನಾನು ಇದನ್ನು ತಪ್ಪು ಅನ್ನುತ್ತಿಲ್ಲ, ಹಾಗೆ ಮಾಡದಿದ್ದರೆ ಬ್ಯಾಂಕಿಗೆ ಇನ್ನೂ ಕಡಿಮೆ ಬರುತ್ತಿತ್ತು. ಒಂದೇ ರೊಕ್ಕ, ಒಂದೇ ಬಿಕ್ಕಟ್ಟು. ಮೇಲಿನ ಕೊಂಡಿಯಲ್ಲಿ ಮುರಿದಾಗ ಕಾರಣ ಕೇಳಿ ಕಾಲಾವಕಾಶ ಕೊಟ್ಟೆವು, ಕೆಳಗಿನ ಕೊಂಡಿಯಲ್ಲಿ ಮುರಿದಾಗ ಪಕ್ಕದ ಮನೆಯವಳನ್ನು ಜಾಮೀನಿಗೆ ಹಿಡಿದೆವು.

— ಕೆಳಗಿನವರಿಗೆ ಸರ್ಕಾರ ಇದೆ. ಕಾಲಾವಕಾಶ ಏಕೆ, ಪೂರ್ತಿ ಮನ್ನಾನೇ ಆಗುತ್ತದೆ. 2014ರಲ್ಲಿ ಆಯಿತು, 2018ರಲ್ಲಿ ಆಯಿತು, 2024ರಲ್ಲಿ 2 ಲಕ್ಷದವರೆಗೆ ಆಯಿತು. ಇಷ್ಟು ಮನ್ನಾ ಕಂಡ ಊರಲ್ಲಿ ಕಂತಿನ ನೀತಿ ಮಾತಾಡುವುದೇ ತಮಾಷೆ.

— ಮನ್ನಾವನ್ನೇ ನಾನು ನನ್ನ ಸಾಕ್ಷಿಯಾಗಿ ಕರೆಯುತ್ತೇನೆ. 2014ರಲ್ಲಿ ಹೊಸ ತೆಲಂಗಾಣ ಸರ್ಕಾರ 1 ಲಕ್ಷದವರೆಗಿನ ಬೆಳೆಸಾಲ ತಾನು ಕಟ್ಟುತ್ತೇನೆ ಅಂದಿತು, ಸುಮಾರು 17 ಸಾವಿರ ಕೋಟಿ. ಒಂದೇ ಸಲಕ್ಕಲ್ಲ, ವರ್ಷಕ್ಕೆ ಶೇ 25ರಂತೆ ನಾಲ್ಕು ಕಂತಿನಲ್ಲಿ. ಅಂದರೆ ರೈತನ ಜಾಗದಲ್ಲಿ ಸರ್ಕಾರವೇ ಸಾಲಗಾರನಾಗಿ ನಿಂತು ಬ್ಯಾಂಕಿಗೆ ಕಂತು ಒಪ್ಪಿಕೊಂಡಿತು. ಆದರೆ ಖಾತೆ ರೈತನ ಹೆಸರಲ್ಲೇ ಉಳಿಯಿತು. ಸರ್ಕಾರದ ಕಂತು ಬರುವವರೆಗೆ ಉಳಿದ ಮುಕ್ಕಾಲು ಪಾಲಿಗೆ ಬಡ್ಡಿ ಏರುತ್ತಿದ್ದದ್ದು, ಹೊಸ ಸಾಲಕ್ಕೆ ಹೋದಾಗ ಹಳೇ ಬಾಕಿ ತೋರಿಸುತ್ತಿದ್ದದ್ದು ಆ ಖಾತೆಯಲ್ಲಿ. 2018ರ ಚುನಾವಣೆಯಲ್ಲಿ ಮತ್ತೆ 1 ಲಕ್ಷದ ಮಾತು ಬಂತು. 25 ಸಾವಿರದೊಳಗಿನ ಸಾಲ ಮೊದಲು, 50 ಸಾವಿರದೊಳಗಿನದು ಆಮೇಲೆ, ಉಳಿದದ್ದು ಎಳೆದು ಎಳೆದು 2023ರ ಆಗಸ್ಟಿಗೆ ಬಂತು. ರೈತ ಮೂರನೇ ಕಂತು ತಪ್ಪಿದರೆ ಪೂರ್ತಿ ಸಾಲ ಎದ್ದು ಬರುತ್ತದೆ. ಸರ್ಕಾರ ವರ್ಷಗಟ್ಟಲೆ ತಡಮಾಡಿದರೆ ಅದನ್ನು ಸುಸ್ತಿದಾರ ಎಂದು ಯಾರೂ ಬರೆಯುವುದಿಲ್ಲ, ಅದರ ತಡದ ಬಡ್ಡಿಯೂ ರೈತನ ಖಾತೆಗೇ ಬೀಳುತ್ತದೆ. ಕಂತಿನ ನೀತಿ ಎಂದು ಯಾವುದನ್ನು ಕರೆಯುತ್ತೀರಿ?

2024ರದ್ದು ವೇಗವಾಗಿ ನಡೆಯಿತು, ಅದನ್ನು ಒಪ್ಪಬೇಕು. ಜುಲೈ 18ಕ್ಕೆ 1 ಲಕ್ಷದವರೆಗೆ, ಜುಲೈ 30ಕ್ಕೆ ಒಂದೂವರೆ ಲಕ್ಷದವರೆಗೆ, ಆಗಸ್ಟ್ 15ಕ್ಕೆ 2 ಲಕ್ಷದವರೆಗೆ. ಆದರೆ 2 ಲಕ್ಷ ದಾಟಿದವನು ದಾಟಿದಷ್ಟನ್ನು ಮೊದಲು ತಾನು ಕಟ್ಟಬೇಕು, ಆಮೇಲೆ ಮನ್ನಾ. ಎರಡು ಲಕ್ಷದ ಆಸೆಗೆ ಹೆಚ್ಚುವರಿ 40 ಸಾವಿರವನ್ನು ಎರಡು ರೂಪಾಯಿ ಬಡ್ಡಿಗೆ ತಂದು ಕಟ್ಟಿದವನ ಮಟ್ಟಿಗೆ ಮನ್ನಾವೂ ಷರತ್ತಿನ ರಾಜಿಯೇ. ಮುರಿದಾಗ ಏನಾಗಬೇಕು ಎಂದು ಮೊದಲೇ ಬರೆಯದ ಒಪ್ಪಂದಗಳು ಕೊನೆಗೆ ಚುನಾವಣೆಗೆ ಹೋಗಿ ತೀರುತ್ತವೆ. ಮನ್ನಾ ಬೇಡ ಎನ್ನುವವರೇ ಮುರಿದ ಕಂತಿಗೆ ಒಂದು ನ್ಯಾಯವಾದ ಕೊನೆ ಇರಲಿ ಎಂದು ಮೊದಲು ಕೇಳಬೇಕಿತ್ತು.

— ಅಡ್ಡ ಮಾತು ಒಂದು. ಗಡಿಯ ಆಚೆ ಕರ್ನಾಟಕದ ಔರಾದಿನವರಿಗೆ ಇದೆಲ್ಲ ಬೇರೆ ಬಗೆ ಇದೆ ಅನ್ನುತ್ತಾರೆ.

— ಬೇರೆ ಬಗೆ ಅಂದರೆ ಬೇರೆ ಸರ್ಕಾರದ ಬೇರೆ ಕಾಗದ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿ ಇದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿ. ಒಂದೇ ಸಂಸ್ಥಾನ, ಒಂದೇ ಸಾಹುಕಾರಿ, ಒಂದೇ ಕಾಯ್ದೆ. ಆಮೇಲೆ ಸೀಮೆ ಹರಿದು ಎರಡು ಕಡೆ ಹೋಯಿತು, ಬೆಳೆಸಾಲದ ಮನ್ನಾ ಕೂಡ ಗಡಿಯ ಈಚೆ ಒಂದು ವರ್ಷ, ಆಚೆ ಇನ್ನೊಂದು ವರ್ಷ. ಕಿರುಸಾಲದ ವಿಷಯದಲ್ಲಿ ಕರ್ನಾಟಕ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳು ಅದರ ಹೊರಗೆ. ಈಚೆ ಕಡೆ ಆಂಧ್ರದ ಸುಗ್ರೀವಾಜ್ಞೆಯ ಜಾಗಕ್ಕೆ ಬಂದ 2010ರ ಕಾಯ್ದೆ ಅಂಥ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ ಎಂದು ತೆಲಂಗಾಣ ಹೈಕೋರ್ಟು 2023ರ ಫೆಬ್ರವರಿಯಲ್ಲಿ ಹೇಳಿತು. ಹೀಗೆ ಸುತ್ತಿ ಬಳಸಿ ಎರಡೂ ರಾಜ್ಯಗಳು ಒಂದೇ ಕಡೆ ಬಂದು ನಿಂತವು. ಎರಡೂ ಕಾಯ್ದೆಗಳು ವಸೂಲಿಗೆ ಬರುವವನ ನಡತೆಯನ್ನು ನೋಡುತ್ತವೆ. ಮುರಿದ ಕಂತಿನ ಲೆಕ್ಕ ಹೇಗೆ ಆಗಬೇಕು ಎಂಬುದನ್ನು ಎರಡೂ ಮುಟ್ಟುವುದಿಲ್ಲ.

— ಸರಿ, ನಿಮ್ಮ 118ನೇ ಕಲಮನ್ನು ಎಲ್ಲರಿಗೂ ತೆರೆದರು ಅನ್ನೋಣ. ಸಿರ್ಗಾಪುರದ ಎರಡೆಕರೆ ರೈತ ವೃತ್ತಿಪರನಿಗೆ ಫೀಜು ಕೊಟ್ಟು ಹೈದರಾಬಾದಿನ ಸಾಲ ವಸೂಲಿ ನ್ಯಾಯಮಂಡಳಿಗೆ ಅಲೆಯುತ್ತಾನೆಯೇ? ದಿವಾಳಿ ಎಂದು ಬರೆಸಿಕೊಳ್ಳಲು ಯಾವ ಮನೆತನ ಒಪ್ಪುತ್ತದೆ? ಹೆಣ್ಣು ಕೊಡುವವರು ತರುವವರು ಕೇಳುವುದಿಲ್ಲವೇ? ನಾಳೆ ಯಾವ ಬ್ಯಾಂಕು ಅವನಿಗೆ ಸಾಲ ಕೊಡುತ್ತದೆ?

— ಈ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ದೂರ, ಫೀಜು, ಮಾನ, ಮೂರೂ ನಿಜ. ಸಾಲದ ಇತಿಹಾಸದ ವರದಿಯಲ್ಲಿ ಇತ್ಯರ್ಥದ ಗುರುತು ಬಿದ್ದರೇ ಬ್ಯಾಂಕುಗಳು ಮುಖ ತಿರುಗಿಸುತ್ತವೆ, ದಿವಾಳಿಯ ಗುರುತು ಇನ್ನೂ ಕೆಟ್ಟದ್ದು. ಆದ್ದರಿಂದಲೇ ನಾನು ಆ ಕಾಯ್ದೆ ಜಾರಿಗೆ ಬರಲಿ ಎಂದು ಕಾಯುತ್ತಾ ಕೂರುವ ಪಕ್ಷದವನಲ್ಲ. ಅದರಿಂದ ಒಂದನ್ನು ಎರವಲು ತಂದರೆ ಸಾಕು, ಏಕೆ ಮುರಿಯಿತು ಎಂಬ ಆ ಪ್ರಶ್ನೆಯನ್ನು. ಲೋಕ ಅದಾಲತ್‌ನ ಅವಾರ್ಡು ಪಕ್ಷಕಾರರು ಒಪ್ಪಿದ ಷರತ್ತುಗಳ ಕಾಗದ, ಅದರಲ್ಲಿ ಏನು ಬರೆಯಬೇಕು ಎಂದು ಯಾವ ಕಾಯ್ದೆಯೂ ಕೈ ಕಟ್ಟಿಲ್ಲ. ಮೂರು ಸಾಲು ಸೇರಿಸಿ. ಕಂತು ತಪ್ಪಿದರೆ ಅಮಲ್ಜಾರಿಗೆ ಮೊದಲು ಒಂದು ನೋಟಿಸು ಕೊಟ್ಟು ಕಾರಣ ದಾಖಲಿಸಬೇಕು. ಬೆಳೆ ಹೋದದ್ದು ನಿಜವಾದರೆ ಆ ಕಂತು ಮುಂದಿನ ಸುಗ್ಗಿಗೆ ಒಂದು ಸಲ ಮಾತ್ರ ಮುಂದಕ್ಕೆ. ಆಮೇಲೂ ಮುರಿದರೆ ಕಟ್ಟಿದ ಪಾಲಿನಷ್ಟು ರಿಯಾಯಿತಿ ಖಾಯಂ, ಉಳಿದ ಪಾಲಿನ ಹಳೇ ಸಾಲ ಮಾತ್ರ ಜೀವಂತ. ಕಾರಣಗಳ ಆ ದಾಖಲೆ ಬ್ಯಾಂಕಿಗೂ ಬೇಕಾದದ್ದು. ಯಾವ ಊರಲ್ಲಿ ಯಾವ ಬೆಳೆಗೆ ಕೊಟ್ಟ ಸಾಲ ಏಕೆ ಮುರಿಯುತ್ತದೆ ಎಂಬ ತಿಳಿವಳಿಕೆ ನವೀಕರಣದ ಕೌಂಟರಿನಲ್ಲಿ ಸಿಗುವುದಿಲ್ಲ. ಸುಳ್ಳು ಕಾರಣ ಹೇಳುವವರು ಇರುತ್ತಾರೆ, ಸರಿ. ಹೊಲ ಅಲ್ಲೇ ಇದೆ, ಕೃಷಿ ಇಲಾಖೆಯ ವಿಸ್ತರಣಾಧಿಕಾರಿ ಹೋಗಿ ನೋಡಬಹುದು. 2016ರಲ್ಲಿ ತೆಲಂಗಾಣ ಸಣ್ಣ ರೈತರ, ಕೂಲಿಗಳ, ಕುಶಲಕರ್ಮಿಗಳ ಋಣ ಪರಿಹಾರ ಆಯೋಗಕ್ಕೆಂದು ಕಾಯ್ದೆ ಮಾಡಿದೆ, ಅಂಥ ಆಯೋಗಕ್ಕೆ ಈ ದಾಖಲೆಗಿಂತ ಒಳ್ಳೆಯ ಕೆಲಸ ಏನಿದೆ?

— ಬ್ಯಾಂಕಿನ ವಕೀಲರು ಈ ಮೂರು ಸಾಲಿಗೆ ಒಪ್ಪದಿದ್ದರೆ? ಅವರ ಕೈಯಲ್ಲಿ ಅಚ್ಚಾದ ನಮೂನೆ ಇರುತ್ತದೆ, ಅದರಲ್ಲಿ ಜಾಗ ಇರುವುದು ಹೆಸರಿಗೆ, ಮೊತ್ತಕ್ಕೆ, ಸಹಿಗೆ.

— ಒಪ್ಪದಿದ್ದರೆ ರೈತ ಅಂದು ಸಹಿ ಹಾಕಬೇಕಾಗಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿ ಕಡ್ಡಾಯವಲ್ಲ. ಬಾಕಿ ಇರುವ ದಾವೆಯಾದರೆ ಅದು ಬಂದ ಕೋರ್ಟಿಗೇ ಮರಳುತ್ತದೆ, ಅಲ್ಲಿ ಬ್ಯಾಂಕು ತನ್ನ ಬಡ್ಡಿಯ ಲೆಕ್ಕವನ್ನು ರುಜುವಾತು ಮಾಡಬೇಕು. ಡಿಕ್ರಿ ಕೊಡುವ ಹೊತ್ತಿಗೆ ನ್ಯಾಯಾಧೀಶರೇ ಕಂತು ಹಾಕಿಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 11ನೇ ನಿಯಮದಲ್ಲಿ ಅವಕಾಶ ಇದೆ. ಡಿಕ್ರಿ ಆದ ಮೇಲೆ ಕೇಳಿದರೆ ಬ್ಯಾಂಕಿನ ಒಪ್ಪಿಗೆ ಬೇಕಾಗುತ್ತದೆ, ಹಾಗಾಗಿ ಮೊದಲೇ ಕೇಳಬೇಕು. ಅದಕ್ಕೆ ವಕೀಲ ಬೇಕು ಅಂದರೆ ಮಂಡಲ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಲಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ, ಉಳಿದವರಿಗೆ ಆದಾಯದ ಮಿತಿಯೊಳಗೆ ಅದು ಪುಕ್ಕಟೆ.